ಮುಳಗುಂದದವರೆಗಿನ ಹರಕೆ

ಸೋಮವಾರ ಬೆಳಗಿನ ಐದು ಗಂಟೆಗೆ ಮಲ್ಲವ್ವ ಬರಿಗಾಲಲ್ಲಿ ಬೆಟಗೇರಿಯ ಮನೆಯಿಂದ ಹೊರಟರು. ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯವರೆಗೆ ನಡೆಯುವುದು ಅವರ ಹರಕೆ. ಆಪರೇಷನ್ ಮುಗಿಸಿ ಸೊಸೆ ಜೀವಂತ ಮನೆಗೆ ಬಂದರೆ ನಡೆದು ಬರುತ್ತೇನೆ ಎಂದು ದೇವರಿಗೆ ಹೇಳಿಕೊಂಡಿದ್ದರು. ಸೊಸೆ ಕಲ್ಪನಾ ಜೀವಂತ ಬಂದಿದ್ದಳು.

ಕಲ್ಪನಾಳಿಗೆ ಈ ವಿಷಯ ತಿಳಿದದ್ದು ಅತ್ತೆ ಹೋದ ಮೇಲೆ. ಗಂಡ ಕಿರಣಕುಮಾರ ಹಲ್ಲುಜ್ಜುತ್ತ ಹೇಳಿದ.

"ಅವ್ವ ಲಕ್ಷ್ಮೇಶ್ವರಕ್ಕ ನಡಕೊಂಡು ಹೋದ್ಲು. ಬಾಜೂ ಮನಿ ಮರಿಯವ್ವ ಜೋಡಿ ಹೋಗ್ಯಾಳ. ನಿನ್ನ ಸಲುವಾಗಿ ಹರಕಿ ಹೊತ್ತಿದ್ಲಂತ."

"ಕಾಲಾಗ ಚಪ್ಪಲಿ ಅದಾವಿಲ್ಲೊ?"

"ಹರಕಿಗೆ ಯಾರರ ಚಪ್ಪಲಿ ಹಾಕ್ಕೊಂಡು ಹೋಗ್ತಾರೇನ?"

ಮಲ್ಲವ್ವನಿಗೆ ಸಕ್ಕರೆ ಕಾಯಿಲೆ ಇದೆ. ಹಿಂದಿನ ವರ್ಷ ಒಂದು ಮುಳ್ಳು ಚುಚ್ಚಿದ ಗಾಯ ಮಾಯದೆ ಎಡಗಾಲಿನ ಕಿರುಬೆರಳನ್ನು ತೆಗೆಯಬೇಕಾಗಿತ್ತು. ಮನೆಯೊಳಗೂ ಬರಿಗಾಲಲ್ಲಿ ಓಡಾಡಬೇಡಿ, ಮುಂದಿನ ಸಲ ಹೋಗುವುದು ಬೆರಳಲ್ಲ, ಪಾದ ಎಂದು ವೈದ್ಯರು ಎಚ್ಚರಿಸಿದ್ದರು.

ಕಲ್ಪನಾ ಹಾಸಿಗೆಯ ಅಂಚಿನಲ್ಲಿ ಕುಳಿತಳು. ಹೊಟ್ಟೆಯ ಸುತ್ತ ಬಿಗಿಪಟ್ಟಿ ಇದ್ದುದರಿಂದ ನೆಟ್ಟಗೆ ಕುಳಿತುಕೊಳ್ಳುವುದು ಅನಿವಾರ್ಯವಾಗಿತ್ತು.

ಬೆಂಗಳೂರಿನಲ್ಲಿ ಗರ್ಭಚೀಲ ತೆಗೆಸಿಕೊಂಡು ಬಂದಳು ಎಂದು ಓಣಿಯವರೆಲ್ಲ ತಿಳಿದಿದ್ದರು. ಆಕೆ ಹೋಗಿದ್ದು ಬ್ಯಾಂಕಾಕಿಗೆ. ತೆಗೆಸಿಕೊಂಡದ್ದು ಹೊಟ್ಟೆಯ ಬೊಜ್ಜನ್ನು. ಇದು ಗೊತ್ತಿದ್ದವನು ಕಿರಣಕುಮಾರ ಒಬ್ಬನೇ.

ಮನೆಯ ಮಗ್ಗದಲ್ಲಿ ಮತ್ತು ಓಣಿಯ ಇತರ ಮಗ್ಗಗಳಲ್ಲಿ ನೇಯ್ದ ಸೀರೆಗಳನ್ನು ಕಲ್ಪನಾ ಮೊಬೈಲಿನ ಲೈವ್ ವಿಡಿಯೊದಲ್ಲಿ ತಾನೇ ಉಟ್ಟು ತೋರಿಸಿ ಮಾರುತ್ತಿದ್ದಳು. ಶಿರಹಟ್ಟಿ, ಮುಂಡರಗಿಯಿಂದ ಹಿಡಿದು ಪುಣೆಯವರೆಗೆ ಗಿರಾಕಿಗಳಿದ್ದರು. ಒಂದು ಸಂಜೆ ಯಾರೋ ಕಮೆಂಟ್ ಹಾಕಿದರು: "ಅಕ್ಕಾರ, ಸೀರಿ ಭಾಳ ಚಂದ ಐತಿ. ನಿಮಗ ಎಷ್ಟನೇ ತಿಂಗಳು?" ಅದರ ಕೆಳಗೆ ನಗುವ ಮುಖಗಳು ಸಾಲುಗಟ್ಟಿದವು. ಆಕೆ ಆ ಕಮೆಂಟನ್ನು ಅಳಿಸಿದಳು. ಮರುದಿನ ಇನ್ನೊಬ್ಬರು ಸೀಮಂತಕ್ಕೆ ಕರೆಯಿರಿ ಎಂದರು. ಆ ವಿಡಿಯೊದ ತುಣುಕು ಮುಂಡರಗಿಯ ತವರಿನ ವಾಟ್ಸಾಪ್ ಗುಂಪಿಗೂ ಬಂತು. ಅದನ್ನು ಹಾಕಿದವಳು ಆಕೆಯ ಸ್ವಂತ ಚಿಕ್ಕಮ್ಮನ ಮಗಳು ಅಂಕಿತಾ.

ಹುಬ್ಬಳ್ಳಿಯಲ್ಲೇ ಮಾಡಿಸಿಕೊಳ್ಳಬಹುದಿತ್ತು. ಆದರೆ ಅಲ್ಲಿಯ ಯಾವ ಆಸ್ಪತ್ರೆಗೆ ಹೋದರೂ ಬೆಟಗೇರಿಯ ಯಾರದೋ ಬೀಗರು ಕೆಲಸಕ್ಕಿರುತ್ತಾರೆ. ಹಾಗಾಗಿ ದೇಶವನ್ನೇ ಬಿಟ್ಟು ಹೋದಳು. ಮನೆಯಲ್ಲಿ ಏನು ಹೇಳುವುದು ಎಂಬ ಪ್ರಶ್ನೆಗೆ ಹೆಚ್ಚು ಯೋಚಿಸಬೇಕಾಗಲಿಲ್ಲ. ಆ ಓಣಿಯಲ್ಲಿ ಮೂವತ್ತೈದು ದಾಟಿದ ಹೆಂಗಸು ಗರ್ಭಚೀಲದ ಆಪರೇಷನ್ ಎಂದರೆ ಯಾರೂ ಎರಡನೆಯ ಮಾತು ಕೇಳುವುದಿಲ್ಲ. ಗಂಡಸರು ಮುಖ ತಿರುಗಿಸುತ್ತಾರೆ. ಹೆಂಗಸರು ತಮ್ಮದು ಯಾವಾಗ ಆಯಿತೆಂದು ಹೇಳುತ್ತಾರೆ. ಇದಕ್ಕಿಂತ ಸುರಕ್ಷಿತವಾದ ಸುಳ್ಳು ಆಕೆಗೆ ಹೊಳೆಯಲಿಲ್ಲ.

ಆಕೆಯ ಲೆಕ್ಕಕ್ಕೆ ಸಿಗದೆ ಹೋದದ್ದು ಕಾವೇರಿ. ಕೊರ್ಲಹಳ್ಳಿಗೆ ಕೊಟ್ಟಿದ್ದ ಮಲ್ಲವ್ವನ ಕೊನೆಯ ತಂಗಿ. ಅದೇ ಆಪರೇಷನ್ನಿಗೆ ಒಳಗೆ ಹೋದವಳು ಎಚ್ಚರಾಗಲಿಲ್ಲ. ಕಲ್ಪನಾ ಈ ಮನೆಗೆ ಸೊಸೆಯಾಗಿ ಬರುವ ಮುಂಚಿನ ಮಾತು ಅದು. ಮಲ್ಲವ್ವ ಅದನ್ನು ಎತ್ತುತ್ತಿರಲಿಲ್ಲ. ಬ್ಯಾಂಕಾಕಿನ ಆಸ್ಪತ್ರೆಯಲ್ಲಿದ್ದಾಗ ಕಿರಣಕುಮಾರ ಫೋನಿನಲ್ಲಿ "ಅವ್ವ ಮಗ್ಗಕ್ಕ ಇಳೀವಲ್ಲಳು, ಊಟಾನೂ ಮಾಡವಲ್ಲಳು, ಕಾವೇರಿ ಚಿಗವ್ವನ್ನ ನೆನಸಾಕತ್ತಾಳ" ಎಂದಾಗ ಕಲ್ಪನಾಳಿಗೆ ಮೊದಲ ಬಾರಿ ನಾಚಿಕೆಯಾಗಿತ್ತು. ಆಗ ನರ್ಸ್ ಸೂಪ್ ತಂದಿಟ್ಟಳು. ಆಕೆ ಕುಡಿದಳು.

ಮರಳಿ ಬಂದ ಮೇಲೆ ಮಲ್ಲವ್ವ ಆಕೆಗೆ ಕೊಡ ಎತ್ತಲು ಬಿಡಲಿಲ್ಲ. ಬಟ್ಟೆ ತಾವೇ ಹಿಂಡಿದರು. ಬಿಗಿಪಟ್ಟಿಯನ್ನು ನೋಡಿ, "ಹೊಲಿಗಿ ಗಟ್ಟಿ ಆಗೂತನಕಾ ಬಿಚ್ಚಬ್ಯಾಡವ್ವ" ಎಂದರು.

"ನಾ ಅತ್ತಿಗೆ ಖರೆ ಹೇಳತೀನಿ. ಹೊಳ್ಳಿ ಕರಕೊಂಡು ಬರೂಣು" ಎಂದಳು ಕಲ್ಪನಾ, ಹಾಸಿಗೆಯ ಅಂಚಿನಿಂದ ಏಳುತ್ತ.

ಕಿರಣಕುಮಾರ ಬಾಯಿ ತೊಳೆದುಕೊಂಡ. "ಸುಮ್ನಿರು. ಈಗ ಹೇಳಿದ್ರ ಸಾಯೂತನಕಾ ನಿನ್ನ ಮಾರಿ ನೋಡೂದಿಲ್ಲ. ನಂದೂ ನೋಡೂದಿಲ್ಲ. ನಡೀಲಿ, ಸುಸ್ತಾದ್ರ ತಾನ ಬಸ್ಸ ಹತ್ತತಾಳ."

ಆಕೆ ಹೊರಡಲಿಲ್ಲ. ಹತ್ತು ಗಂಟೆ ದಾಟಿದ ಮೇಲೆ ಮುಳಗುಂದದಲ್ಲಿ ಚಹಾದಂಗಡಿ ಇಟ್ಟಿರುವ ಖಾಸಿಂಸಾಬರು ಮರಿಯವ್ವನಿಂದ ನಂಬರು ಪಡೆದು ಫೋನ್ ಮಾಡಿದರು. ಕಿರಣಕುಮಾರ ಮೊಬೈಲ್ ಮನೆಯಲ್ಲೇ ಬಿಟ್ಟು ಅಂಗಡಿಗೆ ಹೋಗಿದ್ದ. ಫೋನ್ ಎತ್ತಿದವಳು ಕಲ್ಪನಾ.

"ನಿಮ್ಮ ಅತ್ತಿಯಾರು ನಮ್ಮ ಅಂಗಡಿ ಮುಂದ ಕುಂತಾರ್ರಿ. ಕಾಲಾಗ ರಗತ ಬರಾಕತ್ತೈತಿ. ಬಸ್ಸ ಹತ್ರಿ ಅಂದ್ರ ನನಗ ಬೈತಾರ. ಜಲ್ದಿ ಯಾರರ ಬರ್ರಿ."

ಕಲ್ಪನಾ ಗಂಡನಿಗೆ ತಿಳಿಸದೆ ಬಸ್ಸು ಹತ್ತಿದಳು.

ಮುಳಗುಂದದಲ್ಲಿ ಮಲ್ಲವ್ವ ಅಂಗಡಿಯ ಬೆಂಚಿನ ಮೇಲೆ ಎಡಗಾಲು ಚಾಚಿ ಕುಳಿತಿದ್ದರು. ಬೆರಳು ತೆಗೆದ ಜಾಗದ ಪಕ್ಕದಲ್ಲೇ ಬೊಬ್ಬೆ ಒಡೆದು ಚರ್ಮ ಸುಲಿದಿತ್ತು. ಖಾಸಿಂಸಾಬರು ಕೊಟ್ಟ ಅರಿಷಿಣವನ್ನು ಮರಿಯವ್ವ ಮೆತ್ತುತ್ತಿದ್ದರು. ಕಲ್ಪನಾಳನ್ನು ಮೊದಲು ಕಂಡವರು ಅವರೇ.

"ಬಂದ್ಲು ನೋಡು ಮಹಾರಾಣಿ! ಹಸೇ ಮೈಯಾಗ ಬಸ್ಸ ಹತ್ತಿ ಬಂದೀಯಲ್ಲ, ಹೊಲಿಗಿ ಹರದ್ರ ನಿಮ್ಮತ್ತಿ ಇನ್ನೊಂದು ಹರಕಿ ಹೊರತಾಳ. ನನ್ನ ಮೊಣಕಾಲಿಗೆ ಅಷ್ಟು ತ್ರಾಣಿಲ್ಲವ್ವ."

"ಯಾಕ ಬಂದಿ? ಹೋಗು, ಮಲಕೋ ಹೋಗು" ಎಂದರು ಮಲ್ಲವ್ವ.

"ಅತ್ತಿ, ಸಾಕ್ರಿ. ಮನಿಗೆ ಹೋಗೂಣು."

"ಅರ್ಧಕ್ಕ ಬಿಟ್ರ ಅದರ ದೋಷ ನನಗ ಹತ್ತೂದಿಲ್ಲ, ನಿನಗ ಹತ್ತತೈತಿ. ಇನ್ನೇನು ಅರ್ಧಾ ಹಾದಿ. ಬಿಸಲ ಇಳದ ಮ್ಯಾಲ ನಡೀತೀನಿ."

"ಡಾಕ್ಟರ್ ಏನಂದಾರ ಮರತ್ರೇನು? ಪಾದ ತಗೀತಾರ್ರಿ."

"ತಗೀಲೇಳು. ನೀ ಉಳದಿಲ್ಲ?"

ಮರಿಯವ್ವ ಕೈ ತೊಳೆಯಲು ರಸ್ತೆಯಾಚೆಯ ನಳಕ್ಕೆ ಹೋದರು. ಖಾಸಿಂಸಾಬರು ಒಲೆಯ ಮುಂದಿದ್ದರು. ಕಲ್ಪನಾ ಬೆಂಚಿನ ಮೇಲೆ ಅತ್ತೆಯ ಪಕ್ಕ ಕುಳಿತಳು.

"ಅತ್ತಿ, ನಾ ಚೀಲಾ ತಗಸಿಲ್ರಿ."

ಮಲ್ಲವ್ವ ತಿರುಗಿ ನೋಡಿದರು. "ಮತ್ತ ಏನು ತಗದ್ರು?"

"ಬೊಜ್ಜು. ಹೊಟ್ಟಿ ಬೊಜ್ಜು. ಬೆಂಗಳೂರಾಗಲ್ಲ. ಬ್ಯಾಂಕಾಕಿಗೆ ಹೋಗಿದ್ದೆ."

"ಇಮಾನದಾಗ?"

"ಹೂಂರಿ."

"ಏನು ಜಡ್ಡಾಗಿತ್ತು ನಿನಗ?"

"ಏನೂ ಆಗಿದ್ದಿಲ್ರಿ. ವಿಡಿಯೊದಾಗ ಎಲ್ಲಾರೂ ನಗತಿದ್ರು."

ಮಲ್ಲವ್ವ ಸ್ವಲ್ಪ ಹೊತ್ತು ಆಕೆಯ ಹೊಟ್ಟೆಯನ್ನು ನೋಡಿದರು. ಆಮೇಲೆ ತಮ್ಮ ಪಾದವನ್ನು ನೋಡಿದರು.

"ಕಾವೇರಿನ ಒಳಗ ಒಯ್ದಾಗ ನಾ ಬಾಗಲದಾಗ ನಿಂತಿದ್ದೆ. ಸಂಜಿತನಕಾ ನಿಂತಿದ್ದೆ. ನಿನ್ನ ಸಲುವಾಗಿನೂ ಹಂಗ ನಿಂತೆ, ದೇವರ ಜಗಲಿ ಮುಂದ. ಅವನಿಗೂ ಸುಳ್ಳ ಹೇಳಿಸಿದ್ಯಲ್ಲ ನನ್ನ ಕಡಿಂದ."

ಕಲ್ಪನಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಿಗಿಪಟ್ಟಿಯ ಒಳಗೆ ಬೆವರು ಇಳಿಯುತ್ತಿತ್ತು. ತನ್ನನ್ನು ಬೈಯಲಿ ಎಂದು ಆಕೆ ಕಾದಳು. ಮಲ್ಲವ್ವ ಬೈಯಲಿಲ್ಲ.

ಮರಿಯವ್ವ ಸೆರಗಿಗೆ ಕೈ ಒರೆಸುತ್ತ ಬಂದರು. "ಏನಾತು? ಯಾಕ ಅಳಾಕತ್ತಾಳ ಇಕಿ?"

"ಹೊಲಿಗಿ ನೋಯಾಕತ್ತಾವಂತ" ಎಂದರು ಮಲ್ಲವ್ವ. "ನನಗೂ ಆಗವಲ್ದು, ಮರಿಯವ್ವ. ಬಸ್ಸಿಗೆ ಮನಿಗೆ ಹೋಗೂಣು."

"ಅರ್ಧಕ್ಕ ಬಿಡ್ತಿ? ನಿನಗೇನು ತಲಿ ಕೆಟ್ಟೈತೇನ? ಈಗಷ್ಟ ನಡೀತೀನಿ ಅಂದಿ!"

"ಆಗೂದಿಲ್ಲ ಅಂದ್ನೆಲ್ಲ."

ಗದಗದ ಬಸ್ಸಿನಲ್ಲಿ ಮಲ್ಲವ್ವ ಮರಿಯವ್ವನ ಪಕ್ಕ ಕುಳಿತರು. ಕಲ್ಪನಾ ಹಿಂದಿನ ಸೀಟಿನಲ್ಲಿ ಕುಳಿತಳು.

ಗಾಯ ಎಲುಬಿಗೆ ಇಳಿದಿರಲಿಲ್ಲ. ಡ್ರೆಸ್ಸಿಂಗ್ ಮಾಡಿದ ವೈದ್ಯರು, ಲಕ್ಷ್ಮೇಶ್ವರದವರೆಗೆ ನಡೆದಿದ್ದರೆ ಪಾದದ ಬಗ್ಗೆ ಮಾತಾಡಬೇಕಾಗುತ್ತಿತ್ತು ಎಂದರು. ಮಲ್ಲವ್ವ ಸೊಸೆ ಬಡಿಸಿದ್ದನ್ನು ಉಂಡರು. ಉಪ್ಪು ಕಡಿಮೆಯಾದರೆ ಕೇಳಿ ಹಾಕಿಸಿಕೊಂಡರು. ಅದರಾಚೆಗೆ ಮಾತಿರಲಿಲ್ಲ.

ಮಲ್ಲವ್ವ ಹರಕೆಯನ್ನು ಮುಳಗುಂದದಲ್ಲೇ ಬಿಟ್ಟು ಬಂದರು ಎಂಬ ಸುದ್ದಿ ಓಣಿಯಲ್ಲಿ ಹಬ್ಬಿತು. ಗುರುವಾರ ಮಧ್ಯಾಹ್ನ ನಾಲ್ಕಾರು ಹೆಂಗಸರು ಕಾಲು ನೋಡಲು ಬಂದು ಕಟ್ಟೆಯ ಮೇಲೆ ಕುಳಿತರು.

"ಸ್ವಂತ ಮಗಳಾಗಿದ್ರ ಬಿಡತಿದ್ದಿಲ್ಲ ತಗೋ. ಸೊಸಿ ಅಲ್ಲ?" ಎಂದಳು ಒಬ್ಬಳು, ನಗುತ್ತಲೇ.

ಮಲ್ಲವ್ವ ಒಮ್ಮೆ ಕಲ್ಪನಾಳ ಕಡೆ ನೋಡಿದರು. ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಕಲ್ಪನಾ ಬಾಯಿ ತೆರೆದಳು. ಎಲ್ಲರೂ ತನ್ನ ಕಡೆ ತಿರುಗಿದ್ದು ಕಂಡಿತು. ಚಹಾ ತಗೊಳ್ರಿ ಎಂದಳು.

"ಹಂಗ ಅನಬ್ಯಾಡ್ರಿ. ಅಕಿ ಕಾಲು ನಾ ನೋಡೀನಿ" ಎಂದರು ಮರಿಯವ್ವ. "ಆದ್ರ ಅರ್ಧಾ ಉಳದ ಹರಕಿ ಖೊಟ್ಟಿ. ನಾಳೆ ಈ ಹುಡುಗಿಗೆ ಏನರ ಆದ್ರ? ಉಳದದ್ದು ನಾ ನಡೀತೀನಿ, ಮಲ್ಲವ್ವನ ಹೆಸರಲೆ."

"ನೀ ಯಾಕ? ಬ್ಯಾಡ" ಎಂದರು ಮಲ್ಲವ್ವ.

"ಸುಮ್ಕುಂಡ್ರು. ನಿನ್ನ ಕೇಳಿಲ್ಲ ನಾ. ಏನವಾ ಕಲ್ಪನಾ, ಆತಿಲ್ಲೊ?"

ಕಲ್ಪನಾ ಆಯಿತೆಂದು ತಲೆಯಾಡಿಸಿದಳು.

ಮುಂದಿನ ಸೋಮವಾರ ಮರಿಯವ್ವ ಮುಳಗುಂದದವರೆಗೆ ಬಸ್ಸಿನಲ್ಲಿ ಹೋಗಿ, ಖಾಸಿಂಸಾಬರ ಅಂಗಡಿಯ ಮುಂದಿನಿಂದ ಲಕ್ಷ್ಮೇಶ್ವರದವರೆಗೆ ಬರಿಗಾಲಲ್ಲಿ ನಡೆದರು.