ಐದಡಿ ಒಂಬತ್ತರ ಸೈಕಲ್ಲು

ಸರ್ವೇಯರ್ ಅಳೆದನೆಂದರೆ ಮುಗಿಯಿತು, ಮತ್ತೆ ಯಾರೂ ಸೊಲ್ಲೆತ್ತುತ್ತಿರಲಿಲ್ಲ. ಕೈ ಕೈ ಮಿಲಾಯಿಸಲು ನಿಂತ ನೆರೆಹೊರೆಯವರು ಕೂಡ ಅವನು ಗೂಟ ನೆಟ್ಟ ಕಡೆಯೇ ಗೋಡೆ ಕಟ್ಟಿಸಿಕೊಂಡು ತೆಪ್ಪಗಾಗುತ್ತಿದ್ದರು. ಇಂಥವನು ಜೀವಮಾನದಲ್ಲಿ ಒಂದೇ ಒಂದು ಸುಳ್ಳು ಅಳತೆ ಕೊಟ್ಟಿದ್ದ. ಅದೂ ತನ್ನದೇ ಎತ್ತರದ್ದು.

ಹದಿನಾಲ್ಕು ವರ್ಷದ ಹಿಂದೆ ಅವನ ಸೋದರತ್ತೆ ಒಬ್ಬ ಹುಡುಗಿಯನ್ನು ಪರಿಚಯ ಮಾಡಿಸಿದ್ದಳು. ಹುಡುಗಿ ಐದಡಿ ಎಂಟಿಂಚು ಎಂದು ಗೊತ್ತಾದದ್ದೇ ತಡ, ಅತ್ತೆ ರೆಪ್ಪೆ ಕೂಡ ಬಡಿಯದೆ ನಮ್ಮವನು ಐದಡಿ ಒಂಬತ್ತು ಎಂದುಬಿಟ್ಟಳು. ಅವನಿದ್ದದ್ದು ಐದಡಿ ಆರೂವರೆ. ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಹುಡುಗಿ ಅಷ್ಟು ಹಿಡಿಸಿಹೋಗಿದ್ದಳು. ಮದುವೆಯೂ ಆಗಿಹೋಯಿತು. ಅಂದಿನಿಂದ ಈ ಪುಣ್ಯಾತ್ಮ ಮನೆಯೊಳಗೂ ಎರಡಿಂಚು ದಪ್ಪದ ಚಪ್ಪಲಿ ಹಾಕಿಕೊಂಡು ಓಡಾಡಿದ. ಮೆಟ್ಟಿಲ ಮೇಲೆ ಹೆಂಡತಿಗಿಂತ ಒಂದು ಮೆಟ್ಟಿಲು ಮೇಲೆಯೇ ನಿಂತು ಮಾತಾಡಿದ. ಫೋಟೋ ತೆಗೆಯುವವರು ಬಂದರೆ ಮೊದಲು ಕುರ್ಚಿ ಹುಡುಕಿದ. ಯಾರಿಗೂ ಗೊತ್ತಾಗಿಲ್ಲ ಎಂದು ಪ್ರಾಮಾಣಿಕವಾಗಿ ನಂಬಿದ್ದ.

ಅವನ ನಲವತ್ತನೆಯ ಹುಟ್ಟುಹಬ್ಬಕ್ಕೆ ಹೆಂಡತಿ ಟೈಟಾನಿಯಂ ಸೈಕಲ್ಲಿನ ಫ್ರೇಮ್ ಕೊಡಿಸುತ್ತೇನೆ ಎಂದಾಗ ಅವನ ಕಣ್ಣು ತುಂಬಿ ಬಂತು. ಗುಡ್ಡ ಹತ್ತಿಳಿಯುವ ಸೈಕಲ್ಲು, ಮುಂದೆ ಮಾತ್ರ ಸ್ಪ್ರಿಂಗು, ಹಿಂದೆ ಗಟ್ಟಿ. ತುಕ್ಕು ಹಿಡಿಯುವುದಿಲ್ಲ, ಬಣ್ಣ ಬೇಕಿಲ್ಲ, ಜೋಪಾನ ಮಾಡಿದರೆ ಜೀವಮಾನವಿಡೀ ಬರುತ್ತದೆ. ವರ್ಷಗಟ್ಟಲೆ ಅದರ ಚಿತ್ರ ನೋಡಿ ಜೊಲ್ಲು ಸುರಿಸಿದ್ದ. ಆದರೆ ಫ್ರೇಮ್ ಮಾಡುವ ಕಸುಬುದಾರ ಒಂದೊಂದನ್ನೂ ಸವಾರನ ಅಳತೆಗೇ ಬೆಸೆದುಕೊಡುವವನು. ಔಷಧಿ ಅಂಗಡಿ ನಡೆಸುವ ಹೆಂಡತಿ ಕಂಪ್ಯೂಟರ್ ಮುಂದೆ ಕೂತು ಅರ್ಜಿ ತುಂಬತೊಡಗಿದಳು. ಎತ್ತರ ಎಷ್ಟು ಎಂದು ಕೇಳಿ, ಬೆರಳು ಗಾಳಿಯಲ್ಲೇ ನಿಲ್ಲಿಸಿಕೊಂಡು ಕಾದಳು.

ಐದಡಿ ಒಂಬತ್ತು ಎಂದ. ಕಾಲಿನ ಒಳಅಳತೆ ಕೇಳಿದಾಗಂತೂ ಅವನ ವೃತ್ತಿಧರ್ಮ ಎಚ್ಚೆತ್ತಿತು. ಸುಳ್ಳು ಹೇಳಿದರೂ ಕರಾರುವಾಕ್ಕಾಗಿ ಹೇಳಬೇಕಲ್ಲ! ಐದಡಿ ಒಂಬತ್ತರ ಗಂಡಸಿಗೆ ಕಾಲು ಎಷ್ಟುದ್ದ ಇರಬೇಕೆಂದು ತ್ರೈರಾಶಿ ಹಾಕಿ, ದಶಮಾಂಶ ಸಮೇತ ಬರೆಸಿದ.

ಒಂದು ವರ್ಷ ಕಳೆದು ಪೆಟ್ಟಿಗೆ ಬಂತು. ಬಿಚ್ಚಿದ ಕ್ಷಣವೇ ಅವನಿಗೆ ಗೊತ್ತಾಗಿಹೋಯಿತು. ಸಾವಿರ ಸೈಟು ಅಳೆದ ಕಣ್ಣಿಗೆ ಟೇಪು ಬೇಕೆ? ತಿಳಿ ಬೂದುಬಣ್ಣಕ್ಕೆ ಹೊಳೆಯುವ, ಬೆಸುಗೆ ಒಂದೊಂದೂ ನಾಣ್ಯ ಜೋಡಿಸಿಟ್ಟಂತಿರುವ ಆ ಚೆಲುವಾದ ಫ್ರೇಮ್ ಯಾವನೋ ಉದ್ದಕಾಲಿನವನದು. ಸೈಕಲ್ಲು ಹೋದರೆ ಹೋಗಲಿ. ಹದಿನಾಲ್ಕು ವರ್ಷ ನನ್ನನ್ನು ಪೆದ್ದಿ ಮಾಡಿದಿರಾ ಎಂದು ಅವಳು ಕೇಳಿದರೆ ಏನು ಹೇಳುವುದು ಎಂಬುದೇ ಅವನ ಭಯ.

ನಡುಮನೆಯಲ್ಲಿ ಸ್ಟ್ಯಾಂಡಿಗೆ ಫ್ರೇಮ್ ಏರಿತು. ದಿನಾ ಸಂಜೆ ಇಬ್ಬರೂ ಸೇರಿ ಜೋಡಣೆ. ಟೈಟಾನಿಯಂ ಫ್ರೇಮಿನ ತೂತಿಗೆ ಬೇರೆ ಲೋಹದ ಸ್ಕ್ರೂ ಏನೂ ಸವರದೆ ತಿರುಗಿಸಿದರೆ ಎರಡೂ ಕಚ್ಚಿಕೊಂಡು ಕೂತುಬಿಡುತ್ತವೆ, ಅದಕ್ಕೆ ಅವಳು ಮುಲಾಮು ಹಚ್ಚುವಷ್ಟು ನಾಜೂಕಾಗಿ ತಾಮ್ರದ ಪೇಸ್ಟು ಸವರಿಕೊಟ್ಟಳು. ಈಗ ಹೇಳುತ್ತೇನೆ ಎಂದು ಅವನು ಗಂಟಲು ಸರಿಮಾಡಿಕೊಂಡ. "ನೆಟ್ಟಗೆ ಹಿಡ್ಕೊಳ್ಳಿ" ಎಂದಳು. ನೆಟ್ಟಗೆ ಹಿಡಿದುಕೊಂಡ, ಮಾತು ಒಳಗೇ ಉಳಿಯಿತು. ಮುಂದಿನ ಚಕ್ರ ಹಿಡಿಯುವ ಫೋರ್ಕಿನ ಕೊಳವೆ ಕತ್ತರಿಸುವ ದಿನ ಮತ್ತೆ ಬಾಯಿ ತೆರೆದ. ಗರಗಸ ಕೈಲಿದ್ದಾಗ ಮಾತು ಬೇಡ ಎಂದಳು. ಅಲ್ಲಿಂದ ಅವನು ಕಾಲಹರಣಕ್ಕೆ ಇಳಿದ. ಗೇರಿನ ತಂತಿ ಉದ್ದವಾಯಿತೆಂದು ಬಿಚ್ಚಿದ, ಗಿಡ್ಡವಾಯಿತೆಂದು ಬದಲಿಸಿದ. ಸರಿಯಾಗಿದ್ದ ಪೆಡಲುಗಳನ್ನು ಸದ್ದು ಮಾಡುತ್ತವೆಂದು ಅಂಗಡಿಗೆ ವಾಪಸು ಕಳಿಸಿದ. ಅವಳು ಹೊಸ ಪೆಡಲು ತರಿಸಿ ಮುಂದಿಟ್ಟಳು.

ಎಷ್ಟು ದಿನ ಎಳೆಯಲಾದೀತು? ಒಂದು ಭಾನುವಾರ ಬೆಳಿಗ್ಗೆ ಬಿಗಿಯಲು ಒಂದು ಸ್ಕ್ರೂ ಕೂಡ ಉಳಿಯಲಿಲ್ಲ. ಅವಳೇ ಸೈಕಲ್ಲನ್ನು ಬೀದಿಗೆ ತಂದು ನಿಲ್ಲಿಸಿದಳು. ಅವನು ತೆಳು ಅಟ್ಟೆಯ ಶೂ ಹಾಕಿಕೊಂಡು ಕಾಲು ದಾಟಿಸಿ ನಿಂತ. ನಿಂತ ಎನ್ನುವುದಕ್ಕಿಂತ ತುದಿಬೆರಳಲ್ಲಿ ತೂಗಾಡಿದ ಎನ್ನಬೇಕು. ಮೇಲಿನ ಕೊಳವೆ ಒತ್ತಬಾರದ ಕಡೆ ಒತ್ತಿ ಅವನ ಮುಖ ಕೆಂಪೇರಿತು. ಅಷ್ಟಾದರೂ ಸ್ವಲ್ಪ ಹೊತ್ತು ಬ್ರೇಕಿನಲ್ಲಿ ಇಲ್ಲದ ದೋಷ ಹುಡುಕಿದ. ಆಮೇಲೆ ಸಾಕಾಯಿತು. ಕೆಳಗಿಳಿದು ಅವಳ ಎದುರು ನಿಂತ.

"ನಾನು ಐದಡಿ ಒಂಬತ್ತಲ್ಲ ಕಣೆ. ಆರೂವರೆ. ಮೊದಲನೇ ದಿನಾನೇ ಹೇಳ್ಬೇಕಿತ್ತು, ನೀನು ಬೇಡ ಅಂದುಬಿಡ್ತೀಯ ಅಂತ ಹೆದರ್ಕೊಂಡೆ."

ಅವಳು ನಗಲಿಲ್ಲ. ಅದೇ ಅವನಿಗೆ ಕಷ್ಟವಾಯಿತು.

"ಮದುವೆಯಾದ ಮೂರನೇ ದಿನವೇ ನಂಗೆ ಗೊತ್ತಾಯ್ತು" ಎಂದಳು. "ಎತ್ತರ ಕಟ್ಕೊಂಡು ನಂಗೇನಾಗ್ಬೇಕು? ನನ್ನ ಹತ್ರ ಹೇಳ್ಕೊಳ್ಳೋಕೂ ಹೆದರ್ತೀರಲ್ಲ, ಅದೇ ನಂಗೆ ನೋವು. ಆ ಅರ್ಜಿ ತುಂಬೋವಾಗ ಹೇಳ್ತೀರೇನೋ ಅಂತ ಕಾದೆ. ಆಮೇಲೆ ಒಂದು ವರ್ಷ ಪೂರ್ತಿ ಕಾದೆ."

ಅವನಿಗೆ ಅಳು ಬಂತು, ನಾಚಿಕೆಯೂ ಆಯಿತು. ಕ್ಷಮಿಸು ಎಂದ. ಅವಳು ಹೂಂ ಎಂದು, ಅವನ ಕೆಲಸದ ಚೀಲದಿಂದಲೇ ಟೇಪು ತಂದು, ಶೂ ಬಿಚ್ಚಿಸಿ, ಗೇಟಿನ ಕಂಬಕ್ಕೆ ಒರಗಿಸಿ ಅಳೆದಳು. ಇನ್ನೊಮ್ಮೆ ಅಳೆದಳು. ಐದಡಿ ಆರು. ಅರ್ಧ ಇಂಚು ಎಲ್ಲೂ ಇರಲಿಲ್ಲ. ಊರನ್ನೆಲ್ಲ ಅಳೆದವನು ತನ್ನನ್ನು ಒಮ್ಮೆಯೂ ಅಳೆದುಕೊಂಡಿರಲೇ ಇಲ್ಲ, ಆ ಆರೂವರೆ ಕೂಡ ಹಿಂದೆ ಯಾವಾಗಲೋ ಅಂದಾಜಿಗೆ ಹೇಳಿಕೊಂಡದ್ದು. ಈಗ ಅವಳಿಗೆ ನಗು ತಡೆಯಲಾಗಲಿಲ್ಲ. ಅವನಿಗೂ.

ನಗು ನಿಂತ ಮೇಲೆ, ಹಾಗಾದರೆ ಈ ಸೈಕಲ್ಲು ದಂಡವಾಯಿತಲ್ಲ ಎಂದು ಅವನು ಪೇಚಾಡಿಕೊಂಡ. ಅವಳು ಸೀಟು ಒಂದಿಷ್ಟು ಇಳಿಸಿ, ಆರಾಮಾಗಿ ಕಾಲು ದಾಟಿಸಿ ಕೂತಳು. ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು. ಗೇರು ಕಟಕ್ಕೆಂದು ಬಿತ್ತು, ಅವಳು ಬೀದಿಯ ಕೊನೆವರೆಗೂ ಹೋದಳು, ತಿರುಗಿ ಬಂದಳು, ಅವನ ಮುಂದೆ ನಿಲ್ಲದೆ ಮತ್ತೊಂದು ಸುತ್ತಿಗೆ ಹೊರಟಳು. ಅವನು ಗೇಟಿನ ಹತ್ತಿರ ಅವಳಿಗಿಂತ ಎರಡಿಂಚು ಗಿಡ್ಡನಾದ ಗಂಡನಾಗಿ ನಿಂತು, ಮುಂದಿನ ತಿರುವಿನಲ್ಲಿ ಬ್ರೇಕು ಮೆಲ್ಲಗೆ ಹಿಡಿಯೇ ಎಂದು ಕೂಗಿ ಹೇಳಿದ.