ನ್ಯಾರ್ ಮಾಗೆಟಾದ ಇನ್ನೊಂದು ಮಗ್ಗುಲು

ಭಾನುವಾರ ಚರ್ಚು ಬಿಟ್ಟ ಮೇಲೆ ಒಕುಂಬಾ ಯಜಮಾನರ ಹೋಟೆಲಿಗೆ ಜನ ಮೀನಿಗಾಗಿ ಬರುತ್ತಾರೆ ಎಂದು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ತಿಳಿದಿದ್ದೆ. ಆದರೆ ತಟ್ಟೆಯಲ್ಲಿ ಮೀನು ಆರಿ ತಣ್ಣಗಾದರೂ ಅವರಿಗೆ ಗಮನವಿರುತ್ತಿರಲಿಲ್ಲ. ಅವರು ಬರುತ್ತಿದ್ದುದು ಪರೀಕ್ಷೆಗೆ.

ಯಜಮಾನರು ಹರೆಯದಲ್ಲಿ ಕಿಸುಮು ಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ರೆಕಾರ್ಡು ಮಾರುತ್ತಿದ್ದವರು. ಅಂಗಡಿ ಮುಚ್ಚಿದಾಗ ಎಪ್ಪತ್ತರ ದಶಕದ ಹಾಡುಗಳನ್ನೆಲ್ಲ ಎರಡು ತಗಡಿನ ಪೆಟ್ಟಿಗೆಗಳಲ್ಲಿ ತುಂಬಿ ಮನೆಗೆ ತಂದರು. ಭಾನುವಾರ ಮಧ್ಯಾಹ್ನ ಅವುಗಳಲ್ಲಿ ಒಂದನ್ನು, ನಡುವೆ ಅಂಟಿಸಿದ ಹೆಸರಿನ ಚೀಟಿ ಯಾರಿಗೂ ಕಾಣದ ಹಾಗೆ ಅಂಗೈಯಲ್ಲಿ ಮುಚ್ಚಿಕೊಂಡು ಬಂದು ಯಂತ್ರದ ಮೇಲಿಡುತ್ತಾರೆ. ಗಿಟಾರು ನಾಲ್ಕು ಸಲ ಮಿಡಿದರೆ ಹೆಚ್ಚು, ಮುಳ್ಳು ಎತ್ತಿಬಿಡುತ್ತಾರೆ. ಯಾವ ಹಾಡು, ಯಾವ ಬ್ಯಾಂಡು, ಯಾವ ವರ್ಷ? ಎಲ್ಲ ಸರಿಯಾಗಿ ಹೇಳಿದವನಿಗೆ ಒಂದು ಇಡೀ ಮೀನು ಮತ್ತು ಉಗಾಲಿ ಮುದ್ದೆ. ತಪ್ಪು ಹೇಳಿದವನು ಕೊಳಾಯಿಯಿಂದ ಒಂದು ಕ್ಯಾನು ನೀರು ಹೊತ್ತು ತಂದು ನನ್ನ ಅಡುಗೆಮನೆಯ ಡ್ರಮ್ಮಿಗೆ ಸುರಿಯಬೇಕು. ಕಷ್ಟದ ಹಾಡುಗಳು ಬಂದ ಭಾನುವಾರ ನನಗೆ ಬೆನ್ನುನೋವು ಇರುತ್ತಿರಲಿಲ್ಲ.

ನಾನು ಏಳನೇ ತರಗತಿಗೇ ಶಾಲೆ ಬಿಟ್ಟವಳು. ಯಾರೂ ನನ್ನನ್ನು ಏನೂ ಕೇಳದಿದ್ದರೆ ಸಾಕು ಎಂದುಕೊಂಡು ಒಲೆಯ ಹಿಂದೆ ನಿಲ್ಲುತ್ತಿದ್ದೆ. ಆದರೂ ಹಾಡುಗಳು ಕಿವಿಗೆ ಬಿದ್ದು ಬಿದ್ದು ಉಳಿದಿದ್ದವು. ಗಿಟಾರು ಶುರುವಾಗುವ ಮೊದಲೇ, ಮುಳ್ಳಿನ ಕರಕರ ಸದ್ದಿನಲ್ಲೇ ನನಗೆ ಗೊತ್ತಾಗುತ್ತಿತ್ತು. ಶನಿವಾರ ಶನಿವಾರ ಆ ರೆಕಾರ್ಡುಗಳನ್ನು ಒರೆಸಿಡುವವಳು ನಾನೇ. ಆಗಿನ ಹಾಡು ಒಂದು ಮಗ್ಗುಲಲ್ಲಿ ಹಿಡಿಯುತ್ತಿರಲಿಲ್ಲ, ಎರಡು ತುಂಡು ಮಾಡುತ್ತಿದ್ದರು. ಮೊದಲ ಮಗ್ಗುಲಲ್ಲಿ ಕಥೆ, ಎರಡನೆಯದರಲ್ಲಿ ಗಿಟಾರಿನ ಓಟ. ರೇಡಿಯೋದವರು ಮೊದಲನೆಯದನ್ನಷ್ಟೇ ಹಾಕುತ್ತಿದ್ದರು. ಯಜಮಾನರ ಪರೀಕ್ಷೆಗೂ ಮೊದಲ ನಾಲ್ಕು ಮಿಡಿತ ಸಾಕು. ಹಾಗಾಗಿ ಎಲ್ಲ ರೆಕಾರ್ಡುಗಳೂ ಒಂದು ಕಡೆ ಗೀರಿ ಬೂದಿಯ ಬಣ್ಣಕ್ಕೆ ತಿರುಗಿದ್ದವು, ಇನ್ನೊಂದು ಕಡೆ ಮುಖ ಕಾಣುವಷ್ಟು ಕಪ್ಪಗೆ ಹೊಳೆಯುತ್ತಿದ್ದವು.

ಅವುಗಳಲ್ಲಿ ಒಂದನ್ನು ಒರೆಸುವಾಗ ಮಾತ್ರ ನನ್ನ ಕೈ ನಿಧಾನವಾಗುತ್ತಿತ್ತು. ಅದರ ಹೆಸರು ‘ನ್ಯಾರ್ ಮಾಗೆಟಾ’, ಮಾಗೆಟಾದ ಮಗಳು.

ನನ್ನ ಅಜ್ಜಿ ಸರೋವರದ ನಡುವಿನ ಮಾಗೆಟಾ ದ್ವೀಪದವಳು. ಮದುವೆಯಾಗಿ ದಡಕ್ಕೆ ಬಂದ ಮೇಲೆ ನಮ್ಮ ಕಡೆಯ ಎಲ್ಲ ಸೊಸೆಯರ ಹಾಗೆ ಅವಳ ಸ್ವಂತ ಹೆಸರು ಹೋಗಿ ತವರೂರಿನ ಹೆಸರೇ ನಿಂತಿತು. ಊರಿಗೆಲ್ಲ ಅವಳು ನ್ಯಾರ್ ಮಾಗೆಟಾ. ಆ ಹಾಡು ತನ್ನ ಮೇಲೇ ಕಟ್ಟಿದ್ದು ಎಂದು ಅವಳು ನನಗೂ ಕೇಳಿದವರಿಗೂ ಸಾವಿರ ಸಲ ಹೇಳಿದ್ದಾಳೆ. ಎಪ್ಪತ್ನಾಲ್ಕರಲ್ಲಿ ದ್ವೀಪದ ಯಾರದೋ ಮದುವೆಗೆ ಬ್ಯಾಂಡಿನವರು ದೋಣಿಯಲ್ಲಿ ಬಂದಿದ್ದರಂತೆ. ಮಧ್ಯಾಹ್ನದಿಂದ ಸಂಜೆಯವರೆಗೆ ಅಜ್ಜಿ ಕುಣಿದೇ ಕುಣಿದಳಂತೆ. ಚಪ್ಪಲಿಯ ಬಾರು ಕಿತ್ತು ಹಾರಿದ್ದು ಹಾಡುಗಾರನ ಕಾಲ ಬಳಿಯೇ ಬಿತ್ತಂತೆ.

ತೊಂದರೆ ಏನೆಂದರೆ, ಮಾಗೆಟಾದಿಂದ ದಡಕ್ಕೆ ಮದುವೆಯಾಗಿ ಬಂದವಳು ಅವಳೊಬ್ಬಳೇ ಅಲ್ಲ. ಮಟಾಟು ವ್ಯಾನು ಓಡಿಸುವ ಒಗುಟುವಿನ ಅತ್ತೆ, ಅವನ ಸೋದರಮಾವನ ಹೆಂಡತಿ ಅವಿನೋ ಕೂಡ ಅದೇ ದ್ವೀಪದವಳು, ಅವಳೂ ನ್ಯಾರ್ ಮಾಗೆಟಾ. ಹೋದ ವರ್ಷ ಅವಳು ತೀರಿಕೊಂಡಾಗ ಒಗುಟು ಸಾವಿನ ಮನೆಯ ಶಾಮಿಯಾನದಲ್ಲಿ ಮೈಕು ಹಿಡಿದು ಅವಳ ಬದುಕಿನ ಕಥೆ ಓದಿದ. ಅದರಲ್ಲಿ ಆ ಹಾಡೂ ಬಂತು. ಆ ಪ್ರಸಿದ್ಧ ಹಾಡಿನ ಹೆಣ್ಣು ಇವಳೇ ಎಂದ. ಮೂರನೇ ಸಾಲಿನಲ್ಲಿ ಕೂತಿದ್ದ ಅಜ್ಜಿ ಬಾಯಿ ಬಿಡಲಿಲ್ಲ. ಅಂದಿನಿಂದ ನನಗೂ ಅವಳು ಆ ಮದುವೆಯ ಕಥೆ ಹೇಳುವುದನ್ನು ಬಿಟ್ಟಳು. ಒಣ ಮೀನಿನ ಬುಟ್ಟಿಯ ಮುಂದೆ ಕೂತು ಗಿರಾಕಿಗಳಿಗೆ ತೂಕ ಹಾಕುವಾಗ ಹಾಡು ಗುನುಗುವುದನ್ನೂ ಬಿಟ್ಟಳು.

ನಮ್ಮ ಹಾಡುಗಾರರು ಗಿಟಾರು ಓಡತೊಡಗಿದ ಮೇಲೆ ಜನರನ್ನು ಅಪ್ಪನ ಹೆಸರು ಹಿಡಿದು ಕರೆದು ಹೊಗಳುವುದು ರೂಢಿ. ಮೊದಲ ಮಗ್ಗುಲಲ್ಲಿ ಬರೀ ‘ಮಾಗೆಟಾದ ಮಗಳು’ ಎಂಬ ಹೊಗಳಿಕೆಯಿತ್ತು, ಹಾಗಾದರೆ ಅಪ್ಪನ ಹೆಸರು ಎರಡನೇ ಮಗ್ಗುಲಲ್ಲಿ ಇರಬೇಕು. ಇಷ್ಟು ನನಗೆ ಹೊಳೆದು ಆರು ಶನಿವಾರಗಳಾಗಿದ್ದವು. ಆರು ಸಲವೂ ರೆಕಾರ್ಡು ಒರೆಸಿ, ಯಜಮಾನರ ಕಡೆ ನೋಡಿ, ಏನೂ ಕೇಳದೆ ಲಕೋಟೆಗೆ ತುರುಕಿದ್ದೆ. ಅದರಲ್ಲಿ ಅವಿನೋಳ ಅಪ್ಪನ ಹೆಸರೇ ಇದ್ದರೆ?

ಆ ಭಾನುವಾರ ಅಜ್ಜಿ ಎಂದಿನಂತೆ ಅಡುಗೆಮನೆಯ ಬಾಗಿಲ ಪಕ್ಕದ ಮಣೆಯ ಮೇಲೆ ಕೂತಿದ್ದಳು. ಯಜಮಾನರು ಮುಳ್ಳು ಇಳಿಸಿದರು. ಕರಕರ ಸದ್ದಿನಲ್ಲೇ ನನಗೆ ತಿಳಿಯಿತು, ಆ ರೆಕಾರ್ಡೇ.

ಒಗುಟು ಕೈ ಎತ್ತಲೂ ಇಲ್ಲ. “ನ್ಯಾರ್ ಮಾಗೆಟಾ. ರಾಂಬಾ ರೋಡ್ ಬ್ಯಾಂಡು. ಎಪ್ಪತ್ನಾಲ್ಕು. ಹಾಡಿದ್ದು ನಮ್ಮತ್ತೆ ಮೇಲೆ. ಇನ್ನೂ ಏನಾದ್ರೂ ಬೇಕಾ ಯಜಮಾನ್ರೇ?”

“ಮೊದಲ ಮೂರಕ್ಕೆ ಮೀನು,” ಎಂದ ಕ್ಷೌರದ ನ್ಯಾವಾಡೆ. “ನಾಲ್ಕನೇದಕ್ಕೆ ನೀರಿನ ಕ್ಯಾನು.”

“ಯಾಕಯ್ಯ, ಅದೇನು ತಪ್ಪಾ?”

“ಇಡೀ ಮಾಗೆಟಾದಲ್ಲಿ ನಿಮ್ಮತ್ತೆ ಒಬ್ಳೇ ಹೆಣ್ಣಾ? ಮಿಕ್ಕೋರೆಲ್ಲ ಮೀನಾ?”

ಎಲ್ಲರೂ ನಕ್ಕರು. ನ್ಯಾವಾಡೆ ಗದ್ದ ಎತ್ತಿ ಅಜ್ಜಿಯ ಕಡೆ ತೋರಿಸಿದ. “ಅಗೋ, ಅಲ್ಲಿ ಒಬ್ರು ಕೂತಿದ್ದಾರೆ. ಅವ್ರನ್ನ ಕೇಳು.”

“ನನ್ನನ್ಯಾಕಪ್ಪ ಎಳೀತೀರಿ,” ಎಂದಳು ಅಜ್ಜಿ, ತಲೆ ಎತ್ತದೆ. “ಸತ್ತೋಳ ಕೈಯಿಂದ ಹಾಡು ಕಿತ್ಕೊಳ್ಳೋಕೆ ಬಂದಿಲ್ಲ ನಾನು.”

“ನೋಡಿ, ಅವ್ರೇ ಒಪ್ಕೊಂಡ್ರು,” ಎಂದ ಒಗುಟು.

ಅವನು ಕೆಟ್ಟವನಲ್ಲ. ಅತ್ತೆಯೇ ಅವನನ್ನು ಸಾಕಿದ್ದು. ಆದರೆ ಅಜ್ಜಿ ತನ್ನ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ, ಮತ್ತೆ ಸುತ್ತಿ ಬಿಚ್ಚಿ ಮಾಡುತ್ತಿದ್ದುದನ್ನು ನಾನೊಬ್ಬಳೇ ನೋಡಿದೆ. ಕೈಯಲ್ಲಿ ಜಾಲರಿ ಸೌಟು ಹಿಡಿದಿದ್ದವಳು ಬಾಗಿಲಿಗೆ ಬಂದು ನಿಂತೆ.

“ತಿರುವಿ ಹಾಕಿ,” ಎಂದೆ.

ನನ್ನ ಧ್ವನಿ ಅಲ್ಲಿ ಬಹಳ ಜನ ಮೊದಲ ಸಲ ಕೇಳಿದ್ದಿರಬೇಕು. ಒಗುಟು ಸುತ್ತ ನೋಡಿ, “ಮೀನಾ? ಮೀನು ತಿರುವೋಳು ನೀನೇ ಅಲ್ವೇನಮ್ಮ?” ಎಂದ. ಮತ್ತೆ ನಗು. ಹಿಂದಿರುಗಿ ಒಲೆಯ ಮುಂದೆ ಹೋಗಿ ನಿಲ್ಲಬಹುದಿತ್ತು.

“ರೆಕಾರ್ಡು,” ಎಂದೆ. “ಆ ಕಡೆ ಹಾಕಿ. ಅಪ್ಪನ ಹೆಸರು ಆ ಕಡೆ ಇರತ್ತೆ.”

ಯಜಮಾನರು ಕನ್ನಡಕ ಮೇಲಕ್ಕೆ ತಳ್ಳಿ ನನ್ನನ್ನು ನೋಡಿದರು. “ಇದನ್ನ ಇನ್ನೂರು ಮಾರಿರಬೇಕು ನಾನು. ಆ ಕಡೆ ಶುರುವಾದ್ರೆ ಜನ ಕುಣಿಯೋರು. ಮಾತು ಯಾರು ಕೇಳ್ತಿದ್ರು?” ಎನ್ನುತ್ತಲೇ ರೆಕಾರ್ಡು ಎತ್ತಿದರು.

ಅಜ್ಜಿ ನನ್ನ ಲಂಗ ಹಿಡಿದು ಎಳೆದಳು. “ಬೇಡ ಕಣೇ ಅಮೋಂಡಿ,” ಎಂದಳು ಮೆಲ್ಲಗೆ. “ಬೇಡ ಅನ್ನು ಅವ್ರಿಗೆ.”

ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಇಷ್ಟು ವರ್ಷ ಹೇಳಿದ್ದು ಸುಳ್ಳೇ ಇರಬೇಕು, ಅದನ್ನು ನಾನೇ ಎಲ್ಲರ ಮುಂದೆ ಬಯಲಿಗೆ ಎಳೆಯುತ್ತಿದ್ದೇನೆ ಎನ್ನಿಸಿತು. ಅಷ್ಟರಲ್ಲಿ ಮುಳ್ಳು ಇಳಿದಾಗಿತ್ತು.

ಈ ಕಡೆ ಕರಕರ ಇರಲಿಲ್ಲ. ಗಿಟಾರು ನಿನ್ನೆ ತಾನೇ ತಂತಿ ಬಿಗಿದ ಹಾಗೆ ಸ್ವಚ್ಛವಾಗಿ ಬಂತು, ಓಡಿತು. ನ್ಯಾವಾಡೆಯ ಭುಜ ತಾನಾಗಿ ಅಲುಗತೊಡಗಿತು. ಯಜಮಾನರು ತುಟಿಯ ಮೇಲೆ ಬೆರಳಿಟ್ಟು ಅವನನ್ನು ತಡೆದರು. ಹಾಡುಗಾರ ಕರೆಯತೊಡಗಿದ. ಮೊದಲು ಮದುಮಗನ ಅಪ್ಪ, ಆಮೇಲೆ ದೋಣಿಯವನು, ಆಮೇಲೆ:

“ಮಾಗೆಟಾದ ಮಗಳೇ, ಬಲೆ ಹೆಣೆಯುವ ಒಬುರಾನ ಮಗಳೇ, ದ್ವೀಪವೆಲ್ಲ ಎದ್ದು ಕುಣಿಯಿತು. ನೀನೊಬ್ಬಳು ಚಪ್ಪಲಿ ತೊಡೆಯ ಮೇಲಿಟ್ಟುಕೊಂಡು ಕೂತೆ. ಏಳು ಎಂದೆ, ಏಳಲಿಲ್ಲ. ಇನ್ನು ಯಾರಿಗಾಗಿ ಹಾಡಲಿ?”

ಒಬುರಾ ಅಜ್ಜಿಯ ಅಪ್ಪ, ನನ್ನ ಮುತ್ತಜ್ಜ.

ಮುಳ್ಳು ಕೊನೆಗೆ ಹೋಗಿ ನಿಂತಿತು. ಆಮೇಲೆ ನ್ಯಾವಾಡೆ, “ಅಲ್ಲ ಅಜ್ಜಿ, ಕುಣಿದು ಕುಣಿದು ಬಾರು ಕಿತ್ತೋಯ್ತು ಅಂತಿದ್ರಲ್ಲ? ಇಲ್ಲಿ ನೋಡಿದ್ರೆ ಕಲ್ಲಿನ ಹಾಗೆ ಕೂತಿದ್ರಂತೆ,” ಎಂದ.

ಅಜ್ಜಿ ಮುಖದ ಮೇಲೆ ಸೆರಗು ಎಳೆದುಕೊಂಡಿದ್ದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ಸೆರಗು ಸರಿಸಿದಾಗ ಎರಡೂ ಇತ್ತು.

“ಕೂತಿದ್ದೆ ಅಂದ್ರೆ ಯಾರಪ್ಪ ನಂಬ್ತಾರೆ?” ಎಂದಳು. “ಕೂತೋಳ ಮೇಲೆ ಹಾಡು ಕಟ್ತಾರಾ? ಅದಕ್ಕೇ ಕುಣಿದೆ ಅಂದೆ.”

“ಯಾಕೆ ಕುಣೀಲಿಲ್ಲ ಮತ್ತೆ?” ಎಂದ ನ್ಯಾವಾಡೆ.

ಅಜ್ಜಿ ಒಗುಟುವನ್ನು ನೋಡಿದಳು. ಅವನು ಮೇಜಿನ ಮೇಲಿನ ಉಪ್ಪನ್ನು ಬೆರಳಲ್ಲಿ ಗುಡ್ಡೆ ಮಾಡುತ್ತಾ ತಲೆ ತಗ್ಗಿಸಿ ಕೂತಿದ್ದ.

“ಚಪ್ಪಲಿ ನಂದಲ್ಲ ಕಣಪ್ಪ. ನಿಮ್ಮತ್ತೇದು. ದ್ವೀಪದಲ್ಲಿ ಎತ್ರ ಹಿಮ್ಮಡಿ ಚಪ್ಪಲಿ ಇದ್ದಿದ್ದು ಅವಿನೋ ಹತ್ರ ಒಂದೇ ಜೊತೆ. ಅವ್ಳಿಗೆ ಅವತ್ತು ಜ್ವರ, ಮದುವೆಗೆ ಬರೋ ಹಾಗಿರ್ಲಿಲ್ಲ. ‘ತಗೊಂಡೋಗು, ಬಾರು ಕಿತ್ರೆ ನಿನ್ನ ಕೂದ್ಲು ಕೀಳ್ತೀನಿ’ ಅಂದಿದ್ಲು. ಬರಿಗಾಲಲ್ಲಿ ಕುಣಿಯೋಕೆ ನಾಚ್ಕೆ, ಹಾಕ್ಕೊಂಡು ಕುಣಿಯೋಕೆ ಹೆದರ್ಕೆ. ತೊಡೆ ಮೇಲೆ ಇಟ್ಕೊಂಡು ಕೂತೆ.”

ಒಗುಟು ಉಪ್ಪಿನ ಗುಡ್ಡೆಯನ್ನು ಅಂಗೈಯಿಂದ ಸವರಿಹಾಕಿದ. “ಹಾಗಾದ್ರೆ ಹಾಡಲ್ಲಿ ಚಪ್ಪಲಿ ನಮ್ಮತ್ತೇದು,” ಎಂದ.

“ಚಪ್ಪಲಿ ಅವಳದೇ. ಕೂತಿದ್ದು ನಾನು.”

“ಶಾಮಿಯಾನದಲ್ಲೇ ಹೇಳ್ಬಹುದಿತ್ತಲ್ಲ ಅಜ್ಜಿ. ಮೈಕು ಕೊಡ್ತಿದ್ದೆ.”

“ಅವ್ಳ ದಿನ ಅದು. ಅವ್ಳದೇ ಆಗ್ಲಿ ಅಂತ ಬಿಟ್ಟೆ.”

ಒಗುಟು ಎದ್ದು ಬಂದು ಬಾಗಿಲ ಮೂಲೆಯಿಂದ ನೀರಿನ ಕ್ಯಾನು ಎತ್ತಿಕೊಂಡ. “ಅರ್ಧ ಸಾಕು ಕಣೋ,” ಎಂದು ನ್ಯಾವಾಡೆ ಕೂಗಿದ. “ಚಪ್ಪಲಿ ಲೆಕ್ಕ ಕಳೆದು ಅರ್ಧ.”

ಯಜಮಾನರು ಮೀನು ಯಾರಿಗೆ ಎಂದು ಯೋಚಿಸುತ್ತಾ ನಿಂತರು. ಕೊನೆಗೆ, “ಸರಿಯಾಗಿ ಹೇಳಿದೋಳು ಅಮೋಂಡಿ,” ಎಂದರು. ನಾನೇ ಕರಿದ ಮೀನನ್ನು ನಾನೇ ತಟ್ಟೆಗೆ ಹಾಕಿ ಅಜ್ಜಿಯ ಮುಂದೆ ಇಟ್ಟೆ. ಅವಳು ಮೀನಿನ ತಲೆಯನ್ನು ಮುರಿದು ತಟ್ಟೆಯ ಅಂಚಿಗೆ ಎತ್ತಿಟ್ಟಳು. ತಲೆ ಎಂದರೆ ಅವಳಿಗೆ ಪ್ರಾಣ. “ಯಾರಿಗೆ?” ಎಂದೆ. “ನೀರು ತರೋಕೆ ಹೋಗಿದ್ದಾನಲ್ಲ,” ಎಂದಳು.

ಒಗುಟು ಬೆವರುತ್ತಾ ಬಂದು ಡ್ರಮ್ಮಿಗೆ ನೀರು ಸುರಿದ. ನಾನು ಪಕ್ಕದಲ್ಲೇ ನಿಂತು ನೋಡಿದೆ. ಕ್ಯಾನು ಕಂಠದವರೆಗೆ ತುಂಬಿತ್ತು.