ಕಸಿಗಂಟಿನ ಕೆಳಗಿನ ಕೊಂಬೆ

ಗಿಡಗಳ ವಿಷಯ ಅಷ್ಟಾಗಿ ತಿಳಿಯದೆ ಇದನ್ನು ಹೇಳಹೊರಟಿರುವುದಕ್ಕೆ ಬಲ್ಲವರು ಕ್ಷಮಿಸಬೇಕು.

"ಇನ್ನೂ ಒಂದಿಷ್ಟು ಕಡಿಮೆ ಬೀಳುತ್ತೆ ಕಣೋ," ಎಂದಳು ಅಕ್ಕ ತಮ್ಮನಿಗೆ, ನರ್ಸರಿಯ ಬಾಗಿಲಲ್ಲಿ ಮಣ್ಣುಗೈ ಒರೆಸಿಕೊಳ್ಳುತ್ತ. ನಗರಸಭೆಯ ಉದ್ಯಾನಕ್ಕೆ ಕಸಿ ಕಿತ್ತಳೆ ಕೊಡುವುದಾಗಿ ಒಪ್ಪಿಕೊಂಡಿದ್ದಳು. ಕಸಿಯ ಕಡ್ಡಿ ಬೇಕಾದಷ್ಟಿತ್ತು. ಅದನ್ನು ಕೂರಿಸಲು ಅಷ್ಟು ಬುಡದ ಗಿಡಗಳಿರಲಿಲ್ಲ.

ಮೂಲೆಯಲ್ಲಿ ತಮ್ಮನ ಗಿಡಗಳಿದ್ದವು. ಎರಡು ಜಾತಿಯ ಕಿತ್ತಳೆ ಹೂವುಗಳನ್ನು ತಾನೇ ಕೂಡಿಸಿ, ಬೀಜ ಹಾಕಿ ಬೆಳೆಸಿದವು. ಅವುಗಳಲ್ಲೊಂದು ಹೊಸ ಹಣ್ಣು ಕೊಟ್ಟೀತೆಂದು ಕಾಯುತ್ತಿದ್ದ. ಯಾವುದೂ ಇನ್ನೂ ಹೂ ಬಿಟ್ಟಿರಲಿಲ್ಲ.

"ನಿನ್ನ ರಾಜಕುಮಾರರು ಸುಮ್ನೆ ನೀರು ಕುಡ್ಕೊಂಡು ನಿಂತಿದ್ದಾರಲ್ಲ?"

"ಅವುಗಳ ಮೇಲೆ ಕಣ್ಣು ಹಾಕ್ಬೇಡ ಅಕ್ಕಾ."

"ಇದೊಂದು ಸಲ ಮಾನ ಉಳಿಸೋ. ಮುಂದಿನ ವರ್ಷ ಮತ್ತೆ ಬಿತ್ತು, ಮಡಿ ನಾನೇ ಮಾಡಿಕೊಡ್ತೀನಿ."

ತಮ್ಮ ತಾನೇ ಚಾಕು ಮಸೆದ. ಒಂದೊಂದರ ತಲೆ ಕತ್ತರಿಸಿ, ಸೀಳಿ, ಹಳೇ ಜಾತಿಯ ಕಡ್ಡಿ ಕೂರಿಸಿ ಪಟ್ಟಿ ಸುತ್ತಿದ.

ಮುಂದಿನ ವರ್ಷ ಶಾಲೆಯ ಆರ್ಡರ್ ಬಂತು, ಅದರ ಮುಂದೆ ಆಸ್ಪತ್ರೆಯದು. ಅಕ್ಕ ಹೇಳಿದಂತೆ ಮಡಿ ಮಾಡಿಕೊಟ್ಟಳು. ಅದರಲ್ಲೂ ಮಾರುವ ಗಿಡಗಳೇ ಬೆಳೆದವು.

ಕೆಲವು ವರ್ಷಗಳ ಮೇಲೆ ಉದ್ಯಾನದ ಮಾಲಿ ಫೋನ್ ಮಾಡಿದ. "ಅಮ್ಮಾ, ಒಂದು ಕಿತ್ತಳೆಗೆ ಕಸಿಗಂಟಿನ ಕೆಳಗಿಂದ ಬೇರೆ ಕೊಂಬೆ ಎದ್ದು ಹಣ್ಣೂ ಬಿಟ್ಟಿದೆ. ಏನ್ಮಾಡ್ಲಿ?"

"ಬುಡಕ್ಕೇ ಕತ್ತರಿಸಿಬಿಡಪ್ಪ, ಇಲ್ಲದಿದ್ರೆ ಮೇಲಿನ ಗಿಡ ಸೊರಗುತ್ತೆ." ಎಲ್ಲರಿಗೂ ಹೇಳುವ ಉತ್ತರವನ್ನೇ ಹೇಳಿ ಅಕ್ಕ ಫೋನಿಟ್ಟಳು. ಇಟ್ಟ ಕೈ ಅಲ್ಲೇ ನಿಂತಿತು. ಮತ್ತೆ ಮಾಡಿದರೆ ಮಾಲಿ ಎತ್ತಲಿಲ್ಲ.

"ಲೋ, ಉದ್ಯಾನಕ್ಕೆ ಓಡೋ! ನಿನ್ನ ಗಿಡ ಕಣೋ ಅದು!"

ತಮ್ಮ ಸೈಕಲ್ ತುಳಿದುಕೊಂಡು ಹೋಗುವಷ್ಟರಲ್ಲಿ ಮಾಲಿ ಕೊಂಬೆಯನ್ನು ಯಂತ್ರಕ್ಕೆ ಹಾಕಿ ಪುಡಿ ಮಾಡಿ ಮುಗಿಸಿದ್ದ. ಕತ್ತರಿಸಿದ ಜಾಗಕ್ಕೆ ಡಾಂಬರು ಬಳಿಯುತ್ತಿದ್ದ.

"ಹಣ್ಣು?"

"ಮಕ್ಕಳು ಕಿತ್ತಾಡ್ಕೊಂಡು ತಿಂದು ಹೋದ್ವು ಸಾರ್."

"ಉಗಿದ್ವಾ?"

ಮಾಲಿ ಕುಂಚ ಹಿಡಿದುಕೊಂಡೇ ಯೋಚಿಸಿದ. "ಉಗಿದಿದ್ದು ನೋಡ್ಲಿಲ್ಲಪ್ಪ."

ತಮ್ಮ ಅಲ್ಲೇ ಕುಕ್ಕರಗಾಲಿನಲ್ಲಿ ಕೂತು, ಇನ್ನೂ ಒಣಗದ ಡಾಂಬರನ್ನು ಕರವಸ್ತ್ರದಿಂದ ಮೆಲ್ಲಗೆ ಒರೆಸತೊಡಗಿದ. ಮಾಲಿ ಬೇಡವೆನ್ನಲಿಲ್ಲ.

ಮಕ್ಕಳು ಹುಳಿಯನ್ನೂ ಉಗಿಯದೆ ತಿನ್ನುತ್ತವೆ. ಹಣ್ಣು ಹೇಗಿತ್ತೆಂಬುದಾಗಲಿ, ಆ ಬುಡ ಮತ್ತೆ ಚಿಗುರುವುದೇ ಎಂಬುದಾಗಲಿ ಯಾರಿಗೂ ಗೊತ್ತಿಲ್ಲ.